ಕತ್ತರಿಸಿ ಬಿದ್ದ ಅಂಚು

ಗ್ಲೆಂಡೇಲ್, ಕ್ಯಾಲಿಫೋರ್ನಿಯಾ
9 ಜನವರಿ 1969

ಕೊರಿನ್,

ನೀನು ಹೋಗಿ ಎಂಟು ದಿನವಾಯಿತು. ನಿನ್ನ ಬೀಳ್ಕೊಡುಗೆಯ ಕೇಕಿನಲ್ಲಿ ಉಳಿದ ತುಂಡು ಇನ್ನೂ ಮಾದರಿ ಕೋಣೆಯ ಕಿಟಕಿಯಲ್ಲಿ ಒಣಗುತ್ತಾ ಕೂತಿದೆ. ಯಾರೂ ತಿನ್ನುವುದಿಲ್ಲ, ಯಾರೂ ಎಸೆಯುವುದೂ ಇಲ್ಲ. ಬಡಗಿ ನಾಚೊ ಅದರ ಮೇಲಿದ್ದ ಸಕ್ಕರೆಯ ದೀಪಸ್ತಂಭವನ್ನು ಮಾತ್ರ ಕಿತ್ತು ಬಾಯಿಗೆ ಹಾಕಿಕೊಂಡ. "ಕೊರಿನ್ ಕಟ್ಟಿದ್ದು ಸಿಹಿಯಾಗೇ ಇದೆ ಕಣೇ" ಅಂದ. ನಾನು ನಕ್ಕೆ. ನಗದೆ ಇನ್ನೇನು ಮಾಡಲಿ?

ನಮ್ಮ ಯಜಮಾನ ಲೇತ್ರಪ್ ಮುದುಕ ಅವತ್ತು ಭಾಷಣ ಬಿಗಿದನಲ್ಲ, "ಫ್ಲಾರಿಡಾದ ಹೊಸ ಮೋಜಿನ ಪಾರ್ಕಲ್ಲಿ ಬಂದರು ಸೀಮೆ ಅಂದ್ರೆ ಕೊರಿನ್, ಕೊರಿನ್ ಅಂದ್ರೆ ಬಂದರು ಸೀಮೆ" ಅಂತ, ಆಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನು. ಅಂಗೈ ಕೆಂಪಾಗಿತ್ತು. ನೀನು ನನ್ನ ಕಡೆ ನೋಡಲಿಲ್ಲ, ಇರಲಿ.

ಹದಿಮೂರು ವರ್ಷ ಒಂದೇ ಮೇಜಿನ ಎರಡು ಬದಿಯಲ್ಲಿ ಕೂತವರು ನಾವು. ನೀನು ಬಿಡಿಸುವವಳು. ನಾನು ನೀನು ಬಿಡಿಸಿದ್ದನ್ನು ಮರದಲ್ಲಿ, ರಟ್ಟಿನಲ್ಲಿ ಪುಟ್ಟ ಊರಾಗಿ ಕಟ್ಟಿ, ಅದರ ಮೇಲೆ ಕಮಾನು ದೀಪವನ್ನು ಸೂರ್ಯನ ಹಾಗೆ ಪೂರ್ವದಿಂದ ಪಶ್ಚಿಮಕ್ಕೆ ಓಡಿಸುವವಳು. ಬೆಳಿಗ್ಗೆ ಹತ್ತಕ್ಕೆ ಯಾವ ಗೋಡೆಗೆ ಬಿಸಿಲು, ನಾಲ್ಕಕ್ಕೆ ಯಾವ ಓಣಿಗೆ ನೆರಳು, ಜನ ಎಲ್ಲಿ ನಿಂತು ಬಾಯಿ ಬಿಡುತ್ತಾರೆ, ಎಲ್ಲಿ ನಿಲ್ಲದೆ ಓಡುತ್ತಾರೆ, ಇದನ್ನು ಮೊದಲೇ ಹೇಳುವುದು ನನ್ನ ಕೆಲಸ. ನಮ್ಮ ಹಳೇ ಪಾರ್ಕಿನಲ್ಲಿ ಕಾಡಿನ ಸೀಮೆಯಿಂದ ಕೋಟೆಯ ಸೀಮೆಗೆ ಹೋಗುವಾಗ ನೀಲಗಿರಿ ಮರಗಳ ಕೆಳಗೆ ಇಪ್ಪತ್ತು ಹೆಜ್ಜೆ ನೆರಳು ಬರುತ್ತದಲ್ಲ, ಆ ನೆರಳು ನನ್ನದು. ಜನ ಅದನ್ನು ದಾಟುವಾಗ ಹಿಂದಿನದನ್ನೆಲ್ಲ ಮರೆಯುತ್ತಾರೆ. ನೆರಳನ್ನು ಯಾರು ಮಾಡಿದರು ಎಂದು ಯಾರಾದರೂ ಕೇಳಿದ್ದುಂಟೇ? ಇಲ್ಲ.

ಅಲ್ಲಿಯ ಬೆಳಕು ಹೇಗಿದೆ, ಬರಿ.

ಆರ್ಡಿಸ್


ಫ್ಲಾರಿಡಾ, ಕೆಲಸದ ಜಾಗದಿಂದ
26 ಜನವರಿ 1969

ಪ್ರೀತಿಯ ಆರ್ಡಿಸ್,

ಅಯ್ಯೋ, ಇದು ಊರಲ್ಲ ಮಾರಾಯ್ತಿ, ಕೆಸರು! ಚಕ್ರದ ಮೇಲಿನ ತಗಡಿನ ಕೋಣೆಯೇ ನನ್ನ ಕಚೇರಿ. ಬಾಗಿಲು ತೆರೆದರೆ ಸೊಳ್ಳೆ, ಮುಚ್ಚಿದರೆ ಬೇಯುತ್ತೇನೆ. ನಿನ್ನೆ ನಕ್ಷೆಗಳ ಪೆಟ್ಟಿಗೆಯಲ್ಲಿ ಒಂದು ಹಾವು ಸುರುಳಿ ಸುತ್ತಿಕೊಂಡು ಮಲಗಿತ್ತು. ಎಂಜಿನಿಯರ್ ಸ್ಟೋಕ್ಲಿ ಅದನ್ನು ಗುದ್ದಲಿಯಲ್ಲಿ ಎತ್ತಿ, "ಮೇಡಂ, ಇದನ್ನೂ ನಿಮ್ಮ ಸೀಮೇಲಿ ಸೇರಿಸ್ಕೊಳ್ತೀರಾ?" ಅಂದ.

ಬೆಳಕು ಕೇಳಿದೆಯಲ್ಲ. ನಮ್ಮಲ್ಲಿ ಬೆಳಿಗ್ಗೆಯ ಬಿಸಿಲು ಸಮುದ್ರದ ಮಂಜಿನಲ್ಲಿ ಸೋಸಿಕೊಂಡು ಬರುತ್ತದೆ. ಇಲ್ಲಿ ಸೋಸುವವರಿಲ್ಲ, ನೇರ ತಲೆಯ ಮೇಲೆ ಸುಣ್ಣ ಸುರಿದ ಹಾಗೆ. ನಾನು ತಂದ ಬಣ್ಣದ ಹಲಗೆಗಳನ್ನೆಲ್ಲ ಹೊರಗಿಟ್ಟು ನೋಡಿದೆ. ಹಳದಿ ಬೆಣ್ಣೆಯಾಯಿತು, ಗುಲಾಬಿ ಸತ್ತೇ ಹೋಯಿತು. ಗ್ಲೆಂಡೇಲಿನಲ್ಲಿ ಕಣ್ಣಿಗೆ ಹೊಡೆಯುತ್ತದೆ ಅಂತ ನೀನು ಬೈದಿದ್ದ ಆ ಇಟ್ಟಿಗೆ ಕೆಂಪು ಒಂದೇ ಇಲ್ಲಿ ಮರ್ಯಾದೆ ಉಳಿಸಿಕೊಂಡದ್ದು. ಸ್ಟೋಕ್ಲಿಗೆ ಇದೆಲ್ಲ ತಮಾಷೆ. "ಬಿಸಿಲು ಅಂದ್ರೆ ಬಿಸಿಲು ಮೇಡಂ. ಎಲ್ಲಿ ನಿಂತ್ರೂ ಸುಡುತ್ತೆ. ಅದಕ್ಕೊಂದು ನಕ್ಷೆ ಬೇರೆ ಕೇಡು" ಅನ್ನುತ್ತಾನೆ. ನೀನಿದ್ದಿದ್ದರೆ ಅವನ ಕಿವಿ ಹಿಂಡುತ್ತಿದ್ದೆ.

ಇಲ್ಲಿಯ ಪತ್ರಿಕೆಯವರು ಬಂದಿದ್ದರು. ಲೇತ್ರಪ್ ಜೊತೆ ನನ್ನ ಫೋಟೊ ಹಾಕಿದ್ದಾರೆ. ಕತ್ತರಿಸಿ ಇದರೊಳಗೆ ಇಟ್ಟಿದ್ದೇನೆ, ನಿನಗೆ ಖುಷಿಯಾಗುತ್ತದೆ ಅಂತ. ನನ್ನ ಟೋಪಿ ನೋಡಿ ನಗಬೇಡ.

ನಿನ್ನ ಕೊರಿನ್


ಗ್ಲೆಂಡೇಲ್
8 ಫೆಬ್ರವರಿ 1969

ಕೊರಿನ್,

ಪತ್ರಿಕೆಯ ತುಣುಕು ತಲುಪಿತು. ಟೋಪಿ ಚೆನ್ನಾಗಿದೆ.

"ಈ ಬಂದರು ನನಗೆ ಒಂದು ಕನಸಿನಲ್ಲಿ ಬಂತು" ಎಂದು ಹೇಳಿದ್ದೀಯಂತೆ. ಕನಸಿನಲ್ಲಿ ಹುರಿದ ಮೀನಿತ್ತೇ? ಸಾಸಿನ ಬಟ್ಟಲು ಮಗುಚಿತ್ತೇ? ಏಕೆಂದರೆ ನನಗೆ ನೆನಪಿರುವುದು 1958ರ ಮಾರ್ಚ್, ಸ್ಯಾನ್ ಪೆಡ್ರೊ ಬಂದರಿನ ಮೀನಿನ ಅಂಗಡಿ, ಕಿಟಕಿ ಪಕ್ಕದ ಮೇಜು. ಬಾಯಿ ಒರೆಸುವ ಕಾಗದದ ಮೇಲೆ ನಾನು ಪೆನ್ಸಿಲಿನಲ್ಲಿ ಓಣಿ ಎಳೆದೆ. ಇಕ್ಕಟ್ಟಾದ ಓಣಿ, ಮೇಲೆ ಒಣಹಾಕಿದ ಬಲೆಗಳು, ಅರೆಗತ್ತಲು, ಒಂದು ತಿರುವು, ತಿರುಗಿದರೆ ತಟ್ಟನೆ ನೀರು, ನೀರಿನಾಚೆ ಮೈತುಂಬ ಬಿಸಿಲು ಹೊದ್ದ ದೀಪಸ್ತಂಭ. ನೀನು ಪಕ್ಕದಲ್ಲಿ ಮೂರು ದೋಣಿ ಬಿಡಿಸಿದೆ. ದೋಣಿ ನಿನ್ನವೇ, ಅದರಲ್ಲಿ ತಕರಾರಿಲ್ಲ.

ಪತ್ರಿಕೆಯಲ್ಲಿ ನನ್ನ ಹೆಸರಿಗೆ ಜಾಗ ಸಾಲಲಿಲ್ಲವೇನೋ. ಟೋಪಿ ಅಷ್ಟು ಅಗಲವಿದೆಯಲ್ಲ.

ಇಲ್ಲಿ ಎಲ್ಲ ಮಾಮೂಲು. ಕೇಕನ್ನು ಕೊನೆಗೆ ನಾನೇ ಎಸೆದೆ.

ಆರ್ಡಿಸ್


ಫ್ಲಾರಿಡಾ
2 ಮಾರ್ಚ್ 1969

ಪ್ರೀತಿಯ ಆರ್ಡಿಸ್,

ಪತ್ರಿಕೆಯವರು ತಮಗೆ ತೋಚಿದ್ದನ್ನು ಬರೆಯುತ್ತಾರೆ, ಅದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಬೇಡ. ನೀನೆಂದರೆ ಏನು ಅಂತ ನನಗೆ ಗೊತ್ತಿಲ್ಲವೇ?

ಈಗ ಒಂದು ತುರ್ತು. ಎಂಜಿನಿಯರುಗಳು ಕಾಲುವೆಯ ದಿಕ್ಕು ಬದಲಾಯಿಸಿಬಿಟ್ಟಿದ್ದಾರೆ. ನೆಲದಡಿಯಲ್ಲಿ ಬರೀ ನೀರು ಸಿಕ್ಕಿತಂತೆ. ಅದರಿಂದ ನನ್ನ ಸೀಮೆಗೆ ಜನ ಬರುವ ದಾರಿಯೇ ಬೇರೆಯಾಯಿತು. ನಾಲ್ಕು ದಿನ ಊಟ ಬಿಟ್ಟು ಹೊಸ ನಕ್ಷೆ ಹಾಕಿದ್ದೇನೆ, ಇದರ ಜೊತೆಗಿದೆ. ಬದಲಾದದ್ದೆಲ್ಲ ನಕ್ಷೆಯ ಮೇಲೇ ಇದೆ. ನೀನು ಮಾದರಿ ಮಾಡಿ ದೀಪ ಓಡಿಸಿ ನೋಡಬೇಕು. ದೀಪಸ್ತಂಭದ ಮುಖ ಕಪ್ಪಾಗುತ್ತದೇನೋ ಅಂತ ನನಗೆ ಒಳಗೊಳಗೇ ಅಳುಕು. ಕಪ್ಪಾಗುವುದಾದರೆ ದೀಪಸ್ತಂಭವನ್ನೂ ಅದರ ಪಕ್ಕದ ಇಡೀ ಮನೆಸಾಲನ್ನೂ ನೀರಿನ ಈಚೆ ದಡಕ್ಕೆ ತರುತ್ತೇನೆ, ಸ್ಟೋಕ್ಲಿ ಕೂಗಾಡಲಿ. ಆದರೆ 14ರ ಶುಕ್ರವಾರ ತಳಪಾಯಕ್ಕೆ ಕಾಂಕ್ರೀಟ್ ಸುರಿಯುತ್ತಾರೆ. ಸುರಿದ ಮೇಲೆ ದೇವರೇ ಬಂದರೂ ಆಗದು.

ನನ್ನ ಅಳುಕನ್ನು ನಾನು ನಂಬುವುದಿಲ್ಲ, ನಿನ್ನ ದೀಪವನ್ನು ನಂಬುತ್ತೇನೆ. ಸರಿಯಿದೆ ಅಂದರೆ ಸುರಿಸುತ್ತೇನೆ. ಬೇಡ ಅಂದರೆ ಅಡ್ಡ ಮಲಗಿಬಿಡುತ್ತೇನೆ.

ಕೊರಿನ್


ಗ್ಲೆಂಡೇಲ್
7 ಮಾರ್ಚ್ 1969

ಕೊರಿನ್,

ಮೂರು ದಿನದಲ್ಲಿ ಮಾದರಿ ಮುಗಿಸಿ ಇವತ್ತು ಮಧ್ಯಾಹ್ನ ದೀಪ ಓಡಿಸಿದೆ. ನಿನ್ನ ಅಳುಕಿಗೆ ಅರ್ಥವಿಲ್ಲ. ಹತ್ತು ಗಂಟೆಗೆ ಮನೆಸಾಲಿನ ಕಿಟಕಿಗಳಿಗೆ ಓರೆ ಬಿಸಿಲು ಬಂದು ಚೌಕಟ್ಟುಗಳೆಲ್ಲ ಎದ್ದು ಕಾಣುತ್ತವೆ. ಮಧ್ಯಾಹ್ನ ಗೋಡೆ ಬೆಳ್ಳಗೆ. ನಾಲ್ಕಕ್ಕೆ ದೀಪಸ್ತಂಭ ಬುಡದಿಂದ ತುದಿಯವರೆಗೆ ಬಂಗಾರ. ನಾಚೊ ಕೆಲಸ ಬಿಟ್ಟು ಬಂದು, "ಅಬ್ಬಾ, ಫ್ಲಾರಿಡಾಕ್ಕೆ ಟಿಕೆಟ್ ತಗೊಂಡುಬಿಡ್ಲಾ?" ಅಂದ. ಓಣಿಯ ಕತ್ತಲಿನಿಂದ ಹೊರಬಂದವರು ಅಲ್ಲೇ ನಿಂತುಬಿಡುತ್ತಾರೆ. 1958ರಲ್ಲಿ ನಾನು ಹೇಳಿದ್ದೂ ಅದನ್ನೇ.

ಸುರಿಸು. ಈ ಪತ್ರ ಶುಕ್ರವಾರದೊಳಗೆ ನಿನಗೆ ಸಿಗುತ್ತದೆ.

ಎಷ್ಟು ಚೆನ್ನಾಗಿದೆ ಎಂದರೆ, ನೋಡುತ್ತಾ ನೋಡುತ್ತಾ ನನ್ನ ಹೊಟ್ಟೆ ಉರಿಯಿತು. ಇಷ್ಟನ್ನು ಮುಚ್ಚಿಡಲಾರೆ.

ಆರ್ಡಿಸ್


ಗ್ಲೆಂಡೇಲ್
10 ಮಾರ್ಚ್ 1969, ಸೋಮವಾರ
(ಅಂಚೆಗೆ ಹಾಕಲಿಲ್ಲ)

ಕೊರಿನ್,

ಇವತ್ತು ಬೆಳಿಗ್ಗೆ ನಾಚೊ ನೆಲ ಗುಡಿಸುತ್ತಿದ್ದವನು ನನ್ನ ಮೇಜಿನ ಕೆಳಗಿನಿಂದ ಒಂದು ಕಾಗದದ ಪಟ್ಟಿ ಎತ್ತಿ ಹಿಡಿದ. "ಆರ್ಡಿಸ್, ಇದು ಕಸಾನಾ, ಬೇಕಾ?"

ನಿನ್ನ ನಕ್ಷೆಯ ಅಂಚು ಅದು. ಹಲಗೆಗೆ ಅಂಟಿಸುವ ಮೊದಲು ನಾನು ಯಾವಾಗಲೂ ಸುತ್ತ ಅಂಚು ಕತ್ತರಿಸುತ್ತೇನೆ, ನಿನಗೇ ಗೊತ್ತು. ಅದರಲ್ಲಿ ಕೆಂಪು ಪೆನ್ಸಿಲಿನಲ್ಲಿ ಒಂದು ಬಾಣ. ಬಾಣದ ಪಕ್ಕ ನಿನ್ನ ಅಕ್ಷರ: "ಉತ್ತರ ಈಗ ಈ ಕಡೆ! ಗಮನಿಸು ಆರ್ಡಿಸ್!" ಬಾಣ ಜನ ಒಳಬರುವ ಬಾಗಿಲಿನ ಕಡೆಗಿತ್ತು.

ನಮ್ಮ ಕೋಣೆಗೆ ಯಾವ ನಕ್ಷೆ ಬಂದರೂ ಜನ ಬರುವ ಬಾಗಿಲು ಕೆಳಗೆ, ನಮ್ಮ ಹೊಟ್ಟೆಯ ಕಡೆ. ಹಳೇ ಪಾರ್ಕಿನ ಬಾಗಿಲು ದಕ್ಷಿಣಕ್ಕಿತ್ತು. ಹಾಗಾಗಿ ನೆಲದ ಮೇಲೆ ಬಿಳಿ ಬಣ್ಣದಲ್ಲಿ "ದಕ್ಷಿಣ" ಎಂದು ಬರೆದ ಕಡೆಗೆ ಬಾಗಿಲಿಟ್ಟು ದೀಪ ಓಡಿಸುವುದು ನನ್ನ ಕೈಗೇ ಅಭ್ಯಾಸ. ಹದಿಮೂರು ವರ್ಷದ ಅಭ್ಯಾಸ. ಈ ಸಲ ಮೇಜನ್ನು ಪೂರ್ತಿ ತಿರುಗಿಸಬೇಕಿತ್ತು. ನಾಚೊ ಊಟಕ್ಕೆ ಹೋದಾಗ ತಿರುಗಿಸಿ ನೋಡಿದೆ. ದೀಪಸ್ತಂಭದ ಬೆನ್ನಿಗೆ ಬಿಸಿಲು, ಮುಖ ಕೆಂಡ ಆರಿದ ಇದ್ದಿಲಿನ ಹಾಗೆ. ಓಣಿಯಿಂದ ಹೊರಬಂದವರ ಕಣ್ಣಿಗೆ ನೇರ ಸೂರ್ಯ.

ಇದು ತಪ್ಪು. ಮೂರು ದಿನದ ಹಿಂದೆ ಮಾಡಿದ ತಪ್ಪು, ಅಷ್ಟೇ. ಇವತ್ತು ಸೋಮವಾರ. ಕಾಂಕ್ರೀಟ್ ಶುಕ್ರವಾರ. ತಂತಿ ಕಚೇರಿ ರಸ್ತೆಯ ಆಚೆ ಬದಿಯಲ್ಲಿದೆ, ಕಿಟಕಿಯಿಂದ ಅದರ ಬೋರ್ಡು ಕಾಣುತ್ತದೆ. "ಸುರಿಸಬೇಡ. ಮೇಜು ತಪ್ಪಾಗಿತ್ತು." ಮೂರು ಪದ. ಕೋಟು ಹಾಕಿಕೊಂಡೆ. ಬಾಗಿಲವರೆಗೂ ಹೋದೆ.

ಆಮೇಲೆ ಏನಾಯಿತು ಗೊತ್ತಾ? ಬಾಗಿಲ ಪಕ್ಕದ ಹಲಗೆಯಲ್ಲಿ ಲೇತ್ರಪ್ ನಿನ್ನ ಪತ್ರಿಕೆಯ ಫೋಟೊ ಸಿಕ್ಕಿಸಿದ್ದಾನೆ. "ಕನಸು ಕಂಡವಳು" ಅಂತ ಕೆಳಗೆ ಬರೆದು. ಅದರ ಮುಂದೆ ನಿಂತೆ. ನಿಂತೇ ಇದ್ದೆ. ಆಮೇಲೆ ಕೋಟು ಬಿಚ್ಚಿ ಗೂಟಕ್ಕೆ ಹಾಕಿದೆ.

ಹೌದು ಕಣೇ, ಹೊಟ್ಟೆಕಿಚ್ಚು. ಬೇರೆ ಹೆಸರಿಟ್ಟು ಏನು ಪ್ರಯೋಜನ? ನೀನು ನಗುವುದು, ನಿನ್ನ ಸೊಳ್ಳೆಗಳು, ನಿನ್ನ ಸ್ಟೋಕ್ಲಿ, ನಿನ್ನ ಹಾವು, ಎಲ್ಲದರ ಮೇಲೂ ನನಗೆ ಹೊಟ್ಟೆಕಿಚ್ಚು. ಹಾವು ಕಚ್ಚಬಹುದಿತ್ತು ಅನಿಸಿತ್ತು ನನಗೆ ಒಂದು ಗಳಿಗೆ.

ನಾಳೆ ತಂತಿ ಕೊಡುತ್ತೇನೆ. ಇನ್ನೂ ನಾಲ್ಕು ದಿನವಿದೆ.


ಫ್ಲಾರಿಡಾ
17 ಮಾರ್ಚ್ 1969

ನನ್ನ ಬಂಗಾರದ ಆರ್ಡಿಸ್,

ಸುರಿದರು! ಶುಕ್ರವಾರ ಬೆಳಿಗ್ಗೆ ಆರಕ್ಕೆ ಶುರು ಮಾಡಿ ಸಂಜೆ ಐದಕ್ಕೆ ಮುಗಿಸಿದರು. ನಿನ್ನ ಪತ್ರವನ್ನು ಸ್ಟೋಕ್ಲಿಯ ಮೂಗಿನ ಮುಂದೆ ಹಿಡಿದು, "ಓದ್ರೀ, ಬಂಗಾರ ಅಂತ ಬರೆದಿದಾಳೆ" ಅಂದೆ. "ಅವರು ಯಾರು, ಸೂರ್ಯನ ಅಕ್ಕನಾ?" ಅಂದ. "ಹೌದು" ಅಂದೆ.

ಒಂದು ವಿಷಯ ಹೇಳಲೇಬೇಕು. ದೀಪಸ್ತಂಭದ ತಳಪಾಯ ಇನ್ನೂ ಹಸಿ ಇದ್ದಾಗ, ಯಾರೂ ನೋಡದಿದ್ದಾಗ, ಒಂದು ಮೊಳೆ ತೆಗೆದುಕೊಂಡು ನಿನ್ನ ಹೆಸರು ಗೀಚಿದೆ. ಆರ್ಡಿಸ್ ಹಾಲ್ಕೋಂಬ್, 1958. ನನ್ನದನ್ನು ಬರೆಯಲಿಲ್ಲ. ಅದರ ಮೇಲೆ ಈಗ ಕಲ್ಲು ಕೂರುತ್ತದೆ, ಯಾರಿಗೂ ಕಾಣುವುದಿಲ್ಲ. ಆದರೂ ಇದೆ. ಮೇಲೆ ಬರೆಸುವ ಧೈರ್ಯ ನನಗಿನ್ನೂ ಬಂದಿಲ್ಲ.

ಹೊಟ್ಟೆ ಉರಿಯಿತು ಅಂತ ಬರೆದಿದ್ದೆಯಲ್ಲ, ಆ ಸಾಲನ್ನು ಹತ್ತು ಸಲ ಓದಿದೆ. ಅಷ್ಟು ಚೆನ್ನಾಗಿದೆ ಅಂತ ಯಾರೂ ನನಗೆ ಹೇಳಿರಲಿಲ್ಲ.

ನಿನ್ನ ಕೊರಿನ್


ಗ್ಲೆಂಡೇಲ್
30 ಜೂನ್ 1969

ಕೊರಿನ್,

ನಿನ್ನ ನಾಲ್ಕು ಪತ್ರಗಳಿಗೆ ಉತ್ತರ ಬಾಕಿ ಇದೆ. ಕೈ ತುಂಬ ಕೆಲಸ. ಮಾದರಿ ಕೋಣೆಗೆ ಹೊಸದಾಗಿ ಬಣ್ಣ ಬಳಿದರು. ನಾಚೊ ಬೆನ್ನು ಉಳುಕಿಸಿಕೊಂಡ.

ದೀಪಸ್ತಂಭ ಎಷ್ಟು ಎತ್ತರ ಬಂತು? ಸುತ್ತ ಮರದ ಅಟ್ಟಣೆ ಇನ್ನೂ ಇದೆಯೇ? ಬೆಳಕು ಹೇಗಿದೆ?

ನನ್ನ ಹೆಸರು ಬರೆಯಬಾರದಿತ್ತು ನೀನು.

ಆರ್ಡಿಸ್


ಫ್ಲಾರಿಡಾ
22 ಅಕ್ಟೋಬರ್ 1969

ಆರ್ಡಿಸ್,

ಬೇರೆಯವರಿಂದ ಕೇಳುವ ಮೊದಲು ನಾನೇ ಹೇಳುತ್ತೇನೆ. ಬಂದರು ಸೀಮೆಯಿಂದ ನನ್ನನ್ನು ತೆಗೆದರು.

ಬೇಸಿಗೆಯೆಲ್ಲ ಅಟ್ಟಣೆ, ಅದರ ಮೇಲೆ ಟಾರ್ಪಾಲು. ಅದರೊಳಗೆ ಎಲ್ಲವೂ ಮಬ್ಬಾಗಿತ್ತು, ನಾನು ಸಮಾಧಾನ ಹೇಳಿಕೊಂಡೆ. ಹೋದ ವಾರ ಬಿಚ್ಚಿದರು. ಶನಿವಾರ ಕೆಲಸಗಾರರ ಮನೆಯವರನ್ನೆಲ್ಲ ಕರೆದು ಓಡಾಡಿಸಿ ನೋಡಿದೆವು. ಓಣಿ ಚೆನ್ನಾಗಿತ್ತು ಆರ್ಡಿಸ್, ನೀನು ಹೇಳಿದ ಹಾಗೆಯೇ ತಣ್ಣಗೆ, ಬಲೆಗಳ ನೆರಳು ಕಲ್ಲಿನ ಮೇಲೆ. ಎಲ್ಲರೂ ದನಿ ತಗ್ಗಿಸಿ ಮಾತಾಡುತ್ತಾ ಬಂದರು. ತಿರುವು ಬಂತು. ತಿರುಗಿದರು. ಅಷ್ಟೂ ಜನ ಒಂದೇ ಸಲ ಕೈ ಎತ್ತಿ ಕಣ್ಣಿಗೆ ಅಡ್ಡ ಹಿಡಿದರು. ಎದುರಿಗೆ ಸೂರ್ಯ, ಕೆಳಗೆ ನೀರಿನಲ್ಲಿ ಇನ್ನೊಂದು ಸೂರ್ಯ, ನಡುವೆ ಒಂದು ಕರೀ ಕಂಬ. ನನ್ನ ಇಟ್ಟಿಗೆ ಕೆಂಪು ಎಲ್ಲಿ ಹೋಯಿತೋ. ಒಬ್ಬಳು ಹೆಂಗಸು ಮಕ್ಕಳನ್ನು ನಿಲ್ಲಿಸಿ ಫೋಟೊ ತೆಗೆಯಲು ಹೋಗಿ, "ಥೂ, ಮುಖಾನೇ ಕಾಣ್ಸಲ್ಲ, ಬನ್ನಿ ಆ ಕಡೆ" ಅಂತ ವಾಪಸ್ ಓಣಿಗೇ ಕರೆದುಕೊಂಡು ಹೋದಳು. ಇನ್ನೊಂದು ಗಂಟೆಯಲ್ಲಿ ಅಲ್ಲಿ ಯಾರೂ ಇರಲಿಲ್ಲ.

ಲೇತ್ರಪ್ ಅದನ್ನು ನೋಡಿದರು. ಕೂಗಾಡಲಿಲ್ಲ. "ಕೊರಿನ್, ಇದನ್ನ ಆರ್ಡಿಸ್ ದೀಪದಡಿ ಇಟ್ಟಿದ್ಯಾ ಇಲ್ವಾ?" ಅಂತ ಕೇಳಿದರು.

ಇಲ್ಲ ಅಂದೆ. ಸಮಯವಿರಲಿಲ್ಲ, ನಾನೇ ಧೈರ್ಯ ಮಾಡಿದೆ ಅಂದೆ. ನೀನು ಬರೆದ ಪತ್ರ ನನ್ನ ಪೆಟ್ಟಿಗೆಯಲ್ಲೇ ಇದೆ, ತೋರಿಸಲಿಲ್ಲ. ಉತ್ತರದ ಬಾಣ ಹಾಕಿದ್ದೆ ಅಂತಲೇ ನನಗೆ ನೆನಪು, ಕೆಂಪು ಪೆನ್ಸಿಲಿನಲ್ಲಿ. ಆದರೆ ನಾಲ್ಕು ದಿನ ಊಟ ನಿದ್ದೆ ಇರಲಿಲ್ಲವಲ್ಲ, ಹಾಕದೇ ಹಾಕಿದೆ ಅಂದುಕೊಂಡಿರಬಹುದು. ನಾನು ಬಾಣ ಮರೆತರೆ ನೀನು ಏನು ಮಾಡಬೇಕಿತ್ತು? ನನ್ನ ತಪ್ಪಿಗೆ ನಿನ್ನನ್ನು ಎಳೆಯುವುದು ಬೇಡ. ಅವರು ಕೇಳಿದರೆ ನೀನೂ ನೋಡಿಲ್ಲ ಅನ್ನು.

ಡಿಸೆಂಬರಿಗೆ ಗ್ಲೆಂಡೇಲಿಗೆ ಬರುತ್ತೇನೆ. ಯಾವುದಾದರೂ ಮೂಲೆಯಲ್ಲಿ ಕೂರಿಸುತ್ತಾರಂತೆ.

ಕೊರಿನ್


ಗ್ಲೆಂಡೇಲ್
3 ನವೆಂಬರ್ 1969

ಕೊರಿನ್,

ಸುದ್ದಿ ಕೇಳಿ ಬೇಸರವಾಯಿತು.

ಲೇತ್ರಪ್ ನನ್ನನ್ನು ಕೋಣೆಗೆ ಕರೆದಿದ್ದರು. "ಆರ್ಡಿಸ್, ನೀನೇ ಹೋಗಿ ಅದನ್ನ ಸರಿ ಮಾಡು. ಬಂದರು ಸೀಮೆ ಇನ್ಮೇಲೆ ನಿಂದು. ಮೊದ್ಲೇ ನಿನ್ನ ಕಳಿಸ್ಬೇಕಿತ್ತು" ಅಂದರು. ಹನ್ನೊಂದು ವರ್ಷದಿಂದ ಈ ಮಾತಿಗೆ ಕಾದಿದ್ದೆ. ಹೂಂ ಅಂದೆ.

25ಕ್ಕೆ ಹೊರಡುತ್ತೇನೆ. ನೀನು ಬರುವಷ್ಟರಲ್ಲಿ ನಾನಿರುವುದಿಲ್ಲ. ನಿನ್ನನ್ನು ನನ್ನ ಮೇಜಿನಲ್ಲೇ ಕೂರಿಸುತ್ತಾರಂತೆ.

ಆರ್ಡಿಸ್


ಫ್ಲಾರಿಡಾ
4 ಡಿಸೆಂಬರ್ 1969

ಕೊರಿನ್,

ಈ ಪತ್ರವನ್ನು ಮೂರು ಸಲ ಹರಿದು ಹಾಕಿದ್ದೇನೆ. ಇದು ನಾಲ್ಕನೆಯದು.

ಬಂದ ದಿನವೇ ಓಣಿಯಲ್ಲಿ ನಡೆದೆ. ಒಬ್ಬಳೇ. ಎಷ್ಟು ಚೆನ್ನಾಗಿ ಕಟ್ಟಿದ್ದೀಯೇ! ನಾನು ಕಾಗದದ ಮೇಲೆ ಎಳೆದದ್ದು ಎರಡು ಗೆರೆ. ಅದರಲ್ಲಿ ಈ ವಾರೆ ಬಾಗಿಲುಗಳಿರಲಿಲ್ಲ, ಮೆಟ್ಟಿಲಿನ ಮೇಲೆ ಮೀನಿನ ಬುಟ್ಟಿಯಿರಲಿಲ್ಲ, ಗೋಡೆಗೆ ಉಪ್ಪು ಹಿಡಿದ ಬಣ್ಣವಿರಲಿಲ್ಲ. ಅದನ್ನು ಕಂಡು ಮತ್ತೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ತಿರುವು ಬಂತು. ನನ್ನ ಕೈಯೂ ತಾನಾಗಿ ಮೇಲೆದ್ದು ಕಣ್ಣಿಗೆ ಅಡ್ಡ ಬಂತು.

ಸ್ಟೋಕ್ಲಿ ಹಿಂದೆ ಬಂದು ನಿಂತಿದ್ದ. "ನೀವೇನಾ ಸೂರ್ಯನ ಅಕ್ಕ? ನಿಮ್ಮ ಪತ್ರಾನ ನನ್ನ ಮೂಗಿಗೆ ಹಿಡಿದಿದ್ರು ಆಯಮ್ಮ. ಲೇತ್ರಪ್ ಮುಂದೆ ಮಾತ್ರ ಅದರ ಸುದ್ದಿ ಎತ್ತಲಿಲ್ಲ. ನಾನೂ ಬಾಯಿ ಮುಚ್ಕೊಂಡಿದೀನಿ" ಅಂದ. ನನ್ನ ಮುಖ ನೋಡಿ ಏನನಿಸಿತೋ, ಟೋಪಿ ಸರಿ ಮಾಡಿಕೊಂಡು ಹೋಗಿಬಿಟ್ಟ.

ನೀನು ಬಾಣ ಹಾಕಿದ್ದೆ. ಕೆಂಪು ಪೆನ್ಸಿಲಿನಲ್ಲೇ ಹಾಕಿದ್ದೆ. ನನ್ನ ಮೇಜಿನ ಕೆಳಗಿನ ಖಾನೆ ಎಳೆದು ನೋಡು. ಬೀಗ ಹಾಕಿಲ್ಲ. ಅಲ್ಲಿರುವುದನ್ನು ನೀನೇ ನೋಡಬೇಕು, ನಾನು ಬಾಯಲ್ಲಿ ಹೇಳಿದರೆ ಅದರಲ್ಲೂ ಏನಾದರೂ ಕತ್ತರಿಸಿಬಿಡುತ್ತೇನೆ. ಮೊದಲು ಆದದ್ದು ಕೈತಪ್ಪು. ಸೋಮವಾರದ ಮೇಲೆ ಆದದ್ದು ಕೈತಪ್ಪಲ್ಲ. ನನಗೆ ನಾಲ್ಕು ದಿನವಿತ್ತು. ಮಂಗಳವಾರ ಹೋಗಲಿಲ್ಲ. ಬುಧವಾರ ಕೋಟು ಮುಟ್ಟಲೂ ಇಲ್ಲ. ಗುರುವಾರ ತಂತಿ ಕಚೇರಿಯ ಬೋರ್ಡು ಕಾಣಬಾರದೆಂದು ಕಿಟಕಿಯ ಪರದೆ ಎಳೆದೆ.

ನಿನ್ನೆ ಲೇತ್ರಪ್ ಇಲ್ಲಿಗೆ ಬಂದಾಗ ಎಲ್ಲ ಹೇಳಿದೆ. "ನಿಮ್ಮಿಬ್ರನ್ನ ಒಂದೇ ಮೇಜಲ್ಲಿ ಕೂರಿಸಿದ್ದು ನಾನು. ಒಬ್ಬಳನ್ನೇ ಎಬ್ಬಿಸಿ ಕರ್ಕೊಂಡು ಬಂದಿದ್ದೂ ನಾನೇ" ಅಂದರು. ಆಮೇಲೆ, "ನಿನ್ನ ಏನ್ಮಾಡ್ಬೇಕೋ ಹೊಸ ವರ್ಷಕ್ಕೆ ಯೋಚ್ನೆ ಮಾಡ್ತೀನಿ. ಅಲ್ಲೀತನಕ ಇದಕ್ಕೊಂದು ದಾರಿ ಹುಡುಕು. ನಿನ್ನ ಕೈಲಾಗದಿದ್ರೆ ಅವಳನ್ನ ಕೇಳು, ಅವಳು ಬಾಯಿಗೆ ಬಂದದ್ದು ಬೈದ್ರೂ ಕೇಳಿಸ್ಕೋ" ಅಂದರು.

ನನ್ನ ಕೈಲಾಗುತ್ತಿಲ್ಲ. ಮುಖಕ್ಕೆ ಬೆಳಕು ಹಾಯಿಸಲು ಕನ್ನಡಿ ಇಡಬಹುದೇ, ಗೋಡೆ ಬೆಳ್ಳಗೆ ಮಾಡಬಹುದೇ ಎಂದು ಒದ್ದಾಡುತ್ತಿದ್ದೇನೆ. ಬರುತ್ತೀಯಾ? ಸೀಮೆ ನಿನ್ನದು. ಹೆಸರೂ ನಿನ್ನದೇ ಇರಲಿ.

ಆರ್ಡಿಸ್


ಗ್ಲೆಂಡೇಲ್
15 ಡಿಸೆಂಬರ್ 1969

ಆರ್ಡಿಸ್,

ಖಾನೆ ತೆಗೆದೆ.

ಬಾಣದ ಪಟ್ಟಿ ಇತ್ತು. ನೀನು ಅಂಚೆಗೆ ಹಾಕದ ಪತ್ರ ಇತ್ತು. ಅವುಗಳ ಕೆಳಗೆ ಸಾಸಿನ ಕಲೆಯಾದ ಒಂದು ಬಾಯಿ ಒರೆಸುವ ಕಾಗದ, ನಿನ್ನ ಓಣಿ, ನನ್ನ ಮೂರು ದೋಣಿ. ಇಷ್ಟು ವರ್ಷ ಇಟ್ಟುಕೊಂಡಿದ್ದೀಯಾ!

ಹಾವು ಕಚ್ಚಲಿ ಅಂತ ಅಂದುಕೊಂಡವಳ ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ನಾಚೊ ಬಂದು, "ಕೊರಿನ್, ನೀರು ಕೊಡ್ಲಾ?" ಅಂದ. "ಆರ್ಡಿಸ್ ಮೇಲೆ ಎರಚು" ಅಂದೆ. ನಿನ್ನ ಹೆಸರನ್ನು ಆ ತಳಪಾಯದಿಂದ ಕೆರೆದು ತೆಗೆಯಲು ಆಗುತ್ತಿದ್ದರೆ ಅವತ್ತೇ ರೈಲು ಹತ್ತಿ ಬರುತ್ತಿದ್ದೆ. ಸುಮ್ಮನೆ ಹೇಳುತ್ತಿಲ್ಲ.

ಈಗ ನನ್ನದೂ ಕೇಳು. ಪತ್ರಿಕೆಯವರು ತಪ್ಪು ಬರೆದಿರಲಿಲ್ಲ. ಕನಸು ಅಂತ ನಾನೇ ಹೇಳಿದ್ದೆ. ನಿನ್ನ ಹೆಸರು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. ಯಾಕೆ ಗೊತ್ತಾ? ಹದಿಮೂರು ವರ್ಷ ಎಲ್ಲರೂ ತಮ್ಮ ನಕ್ಷೆ ಹಿಡಿದುಕೊಂಡು ನಿನ್ನ ಬದಿಗೇ ಬರುತ್ತಿದ್ದರು. "ಆರ್ಡಿಸ್ ಏನಂತಾಳೆ? ಆರ್ಡಿಸ್ ನೋಡಿದಾಳಾ?" ನಾನೇ ಬಿಡಿಸಿದ್ದು ನನ್ನ ಕಣ್ಣೆದುರೇ ನಿನ್ನ ದೀಪದಡಿ ಹೋಗಿ ನಿನ್ನದಾಗಿ ಬರುತ್ತಿತ್ತು. ಒಂದು ಸಲ, ಒಂದೇ ಒಂದು ಸಲ, ನಿನ್ನ ಹೆಸರಿಲ್ಲದ ಏನಾದರೂ ನನಗೆ ಬೇಕಿತ್ತು. ಆ ಕಾಗದದ ಮೇಲಿನ ಓಣಿಯನ್ನು ಕದ್ದವಳು ನಾನು, ಬಾಣವನ್ನು ಕದ್ದವಳು ನೀನು. ಇದರಿಂದ ಲೆಕ್ಕ ಸಮವಾಯಿತು ಅಂತ ಮಾತ್ರ ಅಂದುಕೊಳ್ಳಬೇಡ. ನನ್ನ ಕಳ್ಳತನದಿಂದ ನೀನು ಕೆಲಸ ಕಳೆದುಕೊಳ್ಳಲಿಲ್ಲ.

ನಾನು ಬರುವುದಿಲ್ಲ. ಈಗ ಬರಲಾರೆ. ನಿನ್ನ ಮುಖ ನೋಡಿದರೆ ಏನಂತೀನೋ ನನಗೇ ಗೊತ್ತಿಲ್ಲ.

ಆದರೆ ನಿನ್ನ ಮಾದರಿ ಇನ್ನೂ ಇಲ್ಲೇ ಇದೆಯಲ್ಲ. ಅದನ್ನು ತಿರುಗಿಸಿ, ಸರಿಯಾಗಿ ಉತ್ತರಕ್ಕೆ ಬಾಗಿಲಿಟ್ಟು, ಎರಡು ದಿನ ನಿನ್ನ ಕಮಾನು ದೀಪ ಓಡಿಸಿದೆ. ಮುಖಕ್ಕೆ ಬೆಳಕು ತರುವ ಆಸೆ ಬಿಟ್ಟುಬಿಡು. ಕನ್ನಡಿ ಗಿನ್ನಡಿ ಎಲ್ಲ ಎಸೆ. ಬೆಳಕು ಹಿಂದಿನಿಂದ ಬರುತ್ತದೆಯೇ? ಬರಲಿ. ಹಿಂದಿನಿಂದ ಬಂದ ಬೆಳಕನ್ನು ದಾಟಿಸುವಂಥದ್ದನ್ನು ಮಾತ್ರ ಅದರ ಮುಂದೆ ನಿಲ್ಲಿಸು. ದೋಣಿಗಳಿಗೆ ತೆಳುವಾದ ಕೆಂಪು ಬಟ್ಟೆಯ ಪಟ ಕಟ್ಟಿಸು, ಮೂರಲ್ಲ, ಹದಿನೈದು ದೋಣಿ. ನೀರಿನ ಹೊಳಪು ಕಣ್ಣಿಗೆ ಹೊಡೆಯದ ಹಾಗೆ ಅವು ಅಡ್ಡ ನಿಲ್ಲುತ್ತವೆ, ಬಿಸಿಲು ಪಟದಲ್ಲಿ ಸೋಸಿಕೊಂಡು ಬರುತ್ತದೆ. ಮನೆಸಾಲು ಕಪ್ಪಾಗಿಯೇ ಇರಲಿ, ಪಟಗಳ ಹಿಂದೆ ಅದು ಚಂದ. ದೀಪಸ್ತಂಭದ ತುದಿಯ ಕೋಣೆಯ ಗೋಡೆ ಒಡೆಸಿ ಸುತ್ತಲೂ ಹಳದಿ ಗಾಜು ಹಾಕಿಸು. ಓಣಿಯ ತಿರುವಿನಲ್ಲಿ ನಿಂತವರಿಗೆ ನಾಲ್ಕು ಗಂಟೆಯ ಸೂರ್ಯ ಸರಿಯಾಗಿ ಆ ಗಾಜಿನ ಹಿಂದೆ ಬಂದು ಕೂರುತ್ತದೆ. ನಿನ್ನ ದೀಪದಲ್ಲಿ ನೋಡಿದೆ. ದೀಪಸ್ತಂಭದ ದೀಪ ತಾನಾಗಿ ಹತ್ತಿಕೊಂಡ ಹಾಗಿತ್ತು. ನಾಚೊ ಟಿಕೆಟ್ಟಿನ ಮಾತು ಎತ್ತಲಿಲ್ಲ, ಸುಮ್ಮನೆ ಟೋಪಿ ತೆಗೆದ.

ಹೆಸರಿನ ಮಾತು ಎತ್ತಿದ್ದೀಯ. ಲೇತ್ರಪ್‌ಗೆ ಬರೆದಿದ್ದೇನೆ, ಇಬ್ಬರದೂ ಹಾಕಲಿ, ಇಲ್ಲದಿದ್ದರೆ ಯಾರದೂ ಬೇಡ ಅಂತ. ಯಾರ ಹೆಸರು ಮೊದಲು ಅನ್ನುವುದಕ್ಕೆ ನಾವು ಇನ್ನೊಂದು ಹನ್ನೊಂದು ವರ್ಷ ಜಗಳವಾಡಬಹುದು.

ಹೊಸ ನಕ್ಷೆ ಇದರ ಜೊತೆಗಿದೆ. ಅಳತೆಗಳನ್ನು ಸ್ಟೋಕ್ಲಿಗೆ ಓದಿ ಹೇಳು, ಅವನಿಗೆ ನನ್ನ ಅಕ್ಷರ ತಿಳಿಯುವುದಿಲ್ಲ. ಉತ್ತರದ ಬಾಣವನ್ನು ಈ ಸಲ ನಾಲ್ಕೂ ಅಂಚಿಗೆ ಹಾಕಿದ್ದೇನೆ. ನೀನು ಮೂರು ಕತ್ತರಿಸಿದರೂ ಒಂದು ಉಳಿಯುತ್ತದೆ.

ಕೊರಿನ್